ಮಾನ್ಯಖೇಟವನ್ನು ದಾಟಿ ಮಾಹಿಷ್ಮತಿಗೆ

ಚಳಿಗಾಲ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಎಲ್ಲಿಗೆ ಹೋಗೋಣವೆಂದು ಕೇಳಿದರೆ ಮಕ್ಕಳು ಹೈದರಾಬಾದಿನ ಹೊರವಲಯದ ರಾಮೋಜಿ ಚಿತ್ರನಗರಿಯ ಹೆಸರು ಹೇಳುತ್ತಾರೆ. 2015 ಮತ್ತು 2017ರಲ್ಲಿ ತೆರೆಗೆ ಬಂದ ‘ಬಾಹುಬಲಿ’ ಚಿತ್ರಗಳ ಮಾಹಿಷ್ಮತಿ ರಾಜಧಾನಿಯ ಸೆಟ್ಟು ನಿಂತದ್ದು ಅಲ್ಲಿ. ಮಕ್ಕಳು ಅದನ್ನು ಬಯಸುವುದು ಸಹಜ. ಆದರೆ ಗುರುಗಳೆನಿಸಿಕೊಂಡ ನಾವು ಮರುವಿಚಾರವಿಲ್ಲದೆ ಒಪ್ಪಿ, ಅದಕ್ಕೆ ‘ಶೈಕ್ಷಣಿಕ ಪ್ರವಾಸ’ವೆಂದು ಹೆಸರಿಡುವುದು ಸರಿಯೇ? ಮಾನ್ಯಖೇಟವನ್ನು ಕಣ್ಣೆತ್ತಿಯೂ ನೋಡದೆ ದಾಟಿ, ಮಾಹಿಷ್ಮತಿಯನ್ನು ನೋಡಿಬರುವ ಕನ್ನಡ ಶಾಲೆಯ ಪ್ರವಾಸಕ್ಕೆ ಆ ಹೆಸರು ಸಲ್ಲದೆಂಬುದೇ ನಮ್ಮ ವಾದ.

ಅಕ್ಕಲಕೋಟ ರೋಡಿನಲ್ಲಿ ರೈಲು ಹತ್ತಿದವರು ದುಧನಿ, ಕಲಬುರಗಿ, ವಾಡಿ, ಚಿತ್ತಾಪುರಗಳನ್ನು ಹಾದು ಹೈದರಾಬಾದಿನತ್ತ ಸಾಗುವಾಗ ಮಳಖೇಡ ರೋಡ್ ಎಂಬ ಚಿಕ್ಕ ನಿಲ್ದಾಣ ಬರುತ್ತದೆ. ಕಾಗಿಣಾ ನದಿಯ ದಂಡೆಯ ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಅಲ್ಲಿಂದ ರಾಜ್ಯವಾಳಿದನು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಹೇಳುವ ಗ್ರಂಥವದು. ಆ ಎರಡು ನದಿಗಳ ನಡುವೆಯೇ ನಮ್ಮ ಭೀಮೆ, ಸೀನೆಗಳು ಹರಿಯುತ್ತಿವೆ. ಸುಲೈಮಾನನೆಂಬ ಅರಬ ವರ್ತಕನ ಹೆಸರಿನಲ್ಲಿ ಉಳಿದಿರುವ 851ರ ವೃತ್ತಾಂತವು ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು, ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಅಂಥ ನಗರವನ್ನು 972ರಲ್ಲಿ ಮಾಳವದ ಪರಮಾರ ಸೀಯಕನು ಸೂರೆಗೈದನು. ವೈಭವ, ಯುದ್ಧ, ಪತನ—ಯಾವುದು ಕಡಿಮೆಯಾಯಿತು ಈ ಕಥೆಯಲ್ಲಿ?

‘ಮಳಖೇಡದಲ್ಲಿ ಈಗ ಏನಿದೆ? ಹಾಳುಕೋಟೆ, ಹಳೆಯ ಬಸದಿ, ಅಷ್ಟೇ ತಾನೆ?’ ಎಂದು ಕೆಲವರು ಕೇಳುವರು. ಹೌದು, ಅಷ್ಟೇ. ಆದರೆ ಹಾಳುಗೋಡೆಯ ಮುಂದೆ ನಿಂತ ಮಗು ‘ಇಷ್ಟು ದೊಡ್ಡ ಊರು ಎಲ್ಲಿ ಹೋಯಿತು, ಗುರುಗಳೇ?’ ಎಂದು ಕೇಳುತ್ತದೆ. ಇತಿಹಾಸದ ಪಾಠ ಆರಂಭವಾಗುವುದೇ ಆ ಪ್ರಶ್ನೆಯಿಂದ. ಸೆಟ್ಟಿನ ಮುಂದೆ ನಿಂತ ಮಗು ಕೇಳುವುದು ಫೋಟೋ ತೆಗೆಯಿರೆಂದು ಮಾತ್ರ.

ಚಿತ್ರ ಮಾಡಿದವರ ಮೇಲೆ ನಮಗೆ ದೂರಿಲ್ಲ. ಅವರ ಕಲೆ ದೊಡ್ಡದು. ಆದರೆ ಆ ಕಲೆಯನ್ನಾದರೂ ನಾವು ಮಕ್ಕಳಿಗೆ ತಿಳಿಸಿದ್ದೇವೆಯೇ? ನಾಯಕನು ಏರುವ ಮುಗಿಲೆತ್ತರದ ಜಲಪಾತಕ್ಕೆ ಮೂಲವಾದ ಕೇರಳದ ಅತಿರಪ್ಪಳ್ಳಿಯ ಎತ್ತರ ಸುಮಾರು 80 ಅಡಿ. ಮಿಕ್ಕದ್ದೆಲ್ಲ ಗಣಕಯಂತ್ರದ ಸೃಷ್ಟಿ. ಮಾಹಿಷ್ಮತಿಯೆಂಬ ಹೆಸರು ಪುರಾಣದ ಕಾರ್ತವೀರ್ಯನ ರಾಜಧಾನಿಯದು. ನರ್ಮದೆಯ ದಂಡೆಯ ಮಹೇಶ್ವರವೇ ಅದೆಂದು ಅನೇಕ ವಿದ್ವಾಂಸರ ಮತ. ಇದನ್ನು ಹೇಳದೆ ಬರಿಗಣ್ಣಿನಿಂದ ತೋರಿಸಿ ತಂದರೆ ಅದು ಜಾತ್ರೆಯಾದೀತು, ಪಾಠವಾಗಲಾರದು.

ಪ್ರವಾಸದ ವಂತಿಗೆ ಎಲ್ಲಿಂದ ಬರುತ್ತದೆಂಬುದನ್ನೂ ನೆನೆಯೋಣ. ಬೀಡಿ ಕಟ್ಟುವ ತಾಯಿ, ಮಗ್ಗದ ಕೂಲಿಯ ತಂದೆ ವಾರವಾರ ಉಳಿಸಿ ಕೊಟ್ಟ ಹಣವದು. ಎಷ್ಟೋ ಮಕ್ಕಳಿಗೆ ಪ್ರಾಥಮಿಕ ಶಾಲೆಯ ಅವಧಿಯಲ್ಲಿ ಒಂದೇ ದೂರದ ಪ್ರವಾಸ. ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ನಡೆಯುವ ಇದೇ ಮಕ್ಕಳನ್ನು ಜನ ಹಾದಿಬೀದಿಯಲ್ಲಿ ಕೇಳುತ್ತಾರೆ: ‘ಕನ್ನಡ ಕಲಿತು ಏನು ಮಾಡುವಿ?’ ಮಗು ತಲೆ ತಗ್ಗಿಸುತ್ತದೆ. ತನ್ನ ನುಡಿ ಒಂದು ಕಾಲಕ್ಕೆ ಸಾಮ್ರಾಜ್ಯದ ಆಸ್ಥಾನದಲ್ಲಿ ಕುಳಿತಿತ್ತೆಂಬುದನ್ನು ಆ ನೆಲದ ಮೇಲೆಯೇ ನಿಂತು ಕೇಳಿದ ಮಗು ಹಾಗೆ ತಲೆ ತಗ್ಗಿಸಬೇಕಾಗಿಲ್ಲ. ಮರಾಠಿಯ ಮೇಲಿನ ಹಗೆಯಿಂದ ಈ ಮಾತನ್ನು ಆಡುತ್ತಿಲ್ಲ; ಮರಾಠಿ ನಮ್ಮ ನೆರೆಮನೆಯ ನುಡಿ. ನೆರೆಮನೆಯವರ ಮುಂದೆ ನೆಟ್ಟಗೆ ನಿಲ್ಲಲು ಸ್ವಂತ ಮನೆಯ ಪರಿಚಯ ಬೇಕು.

ಗುರುಬಂಧುಗಳೇ, ಚಿತ್ರನಗರಿಗೆ ಹೋಗಲೇಬೇಡಿರೆಂದು ನಾವು ಹೇಳುವುದಿಲ್ಲ. ಹಾದಿಯಲ್ಲಿ ಅರ್ಧ ದಿನ ಮಳಖೇಡಕ್ಕೆ ಕೊಡಿರಿ. ವೇಗದ ಗಾಡಿ ಅಲ್ಲಿ ನಿಲ್ಲದಿದ್ದರೆ ಕಲಬುರಗಿಯಲ್ಲಿ ಇಳಿಯಿರಿ. ಅಲ್ಲಿಂದ ಮಳಖೇಡ ಸುಮಾರು 40 ಕಿಲೋಮೀಟರು. ಹೊರಡುವ ಮೊದಲು ನೃಪತುಂಗನ ಕಥೆ ಹೇಳಿರಿ. ಕೋಟೆಯ ನೆರಳಿನಲ್ಲಿ ಬುತ್ತಿ ಬಿಚ್ಚಿರಿ, ಮಕ್ಕಳಿಂದ ನಕ್ಷೆ ಬರೆಯಿಸಿರಿ. ಮರುದಿನ ಅವರು ಮಾಹಿಷ್ಮತಿಯನ್ನೂ ಕಣ್ತುಂಬ ನೋಡಲಿ. ಊರಿಗೆ ಮರಳಿದ ಮೇಲೆ ಎರಡೂ ನಗರಗಳ ಕುರಿತು ಒಂದೊಂದು ಪುಟ ಬರೆಯಲಿ. ಈ ವರ್ಷದ ಪ್ರವಾಸದ ಪಟ್ಟಿ ಸಿದ್ಧವಾಗುವ ಮೊದಲೇ ಇದನ್ನು ಪಾಲಕರ ಸಭೆಯಲ್ಲಿ ಇಡಿರಿ.