ಭಾಷೆ ಮಗುವಿನದೋ, ಪರೀಕ್ಷಾ ಕೇಂದ್ರದ್ದೋ?



ಪ್ರತಿ ವರ್ಷ ಏಳನೆಯ ತರಗತಿ ಮುಗಿದ ಕೂಡಲೇ ನಮ್ಮ ಶಾಲೆಯ ಕಚೇರಿಯ ಮುಂದೆ ಟಿ.ಸಿ. ಕೇಳುವವರ ಸಾಲು ನಿಲ್ಲುತ್ತದೆ. ಈ ಸಲ ಆ ಸಾಲಿನಲ್ಲಿ ಬೀಡಿ ಕಟ್ಟಿ ಮಗಳನ್ನು ಸಾಕುತ್ತಿರುವ ತಾಯಿಯೊಬ್ಬರಿದ್ದರು. "ಮಾಸ್ಟ್ರೇ, ಮಗಳನ್ನು ನರ್ಸಿಂಗಿಗೆ ಕಳಿಸ್ಬೇಕು ಅಂತ ಉಂಟು. ಎಂಟ್ರೆನ್ಸ್ ಎಲ್ಲ ಇಂಗ್ಲಿಷಿನಲ್ಲಿ ಅಲ್ವಾ? ಕನ್ನಡದಲ್ಲಿ ಕಲಿತ್ರೆ ಆಗ್ಲಿಕ್ಕಿಲ್ಲ ಅಂತ ಎಲ್ಲರೂ ಹೇಳ್ತಾರೆ" ಎಂದರು.

ಹನ್ನೆರಡು ವರ್ಷಗಳ ಹಿಂದೆ ಇದೇ ಮಾತಿಗೆ ನಾನು ಮರುಮಾತಾಡದೆ ತಲೆದೂಗಿದ್ದೆ. ವಿಜ್ಞಾನದಲ್ಲಿ ತರಗತಿಗೇ ಮೊದಲಿಗಳಾಗಿದ್ದ ಹುಡುಗಿ ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದಳು. ಪ್ರಶ್ನೆ ಕೇಳುತ್ತಿದ್ದವಳು ಉರುಹೊಡೆಯತೊಡಗಿದಳು. ಪ್ಲಸ್ ಟು ಹೊತ್ತಿಗೆ ಜೀವಶಾಸ್ತ್ರವೆಂದರೆ ಅವಳಿಗೆ ಭಯ. ನರ್ಸ್ ಆಗುವ ಆಸೆ ಅಲ್ಲಿಗೇ ನಿಂತಿತು. ಆ ಮೌನಕ್ಕೆ ಪ್ರಾಯಶ್ಚಿತ್ತವೆಂದೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯನ್ನೇ ನೋಡೋಣ. ಬಿ.ಎಸ್ಸಿ. ನರ್ಸಿಂಗ್ ಪ್ರವೇಶದ ಬಗ್ಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ ಪ್ರವೇಶ ಪರೀಕ್ಷೆಯ ಅಂಕಗಳ ಹಂಚಿಕೆ ಸ್ಪಷ್ಟವಾಗಿದೆ: ಭೌತಶಾಸ್ತ್ರ 20, ರಸಾಯನಶಾಸ್ತ್ರ 20, ಜೀವಶಾಸ್ತ್ರ 20, ನರ್ಸಿಂಗ್ ಅಭಿರುಚಿ 20, ಇಂಗ್ಲಿಷ್ 20. ಇಂಗ್ಲಿಷಿನ ಪಾಲು ಐದರಲ್ಲಿ ಒಂದು. ಮೂರು ಪಾಲು ವಿಜ್ಞಾನದ್ದು. ಆ ವಿಜ್ಞಾನ ಮಗುವಿನ ತಲೆಗೆ ಹೋಗುವುದು ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ. 20 ಅಂಕದ ಭಯಕ್ಕೆ 60 ಅಂಕದ ಬುನಾದಿಯನ್ನು ಅಗೆದು ಹಾಕುವುದು ಯಾವ ಜಾಣತನ?

ಎರಡನೆಯದಾಗಿ, ಕನ್ನಡವೇ ನಮ್ಮ ಮಕ್ಕಳಿಗೊಂದು ಬಾಗಿಲು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2023ರಿಂದ ಬಿ.ಎಸ್ಸಿ. ನರ್ಸಿಂಗನ್ನೂ ಸಿ.ಇ.ಟಿ. ವ್ಯಾಪ್ತಿಗೆ ತಂದಿದೆ. ಸಿ.ಇ.ಟಿ.ಯ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ವಿಭಾಗವುಂಟು. ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ, ಮಡಕಶಿರಾ, ಹೊಸೂರು, ತಾಳವಾಡಿಗಳ ಹೆಸರು ಅಲ್ಲಿವೆ. ಈ ವಿಭಾಗದವರಿಗೆಂದು ಪ್ರಾಧಿಕಾರ ನಡೆಸುತ್ತ ಬಂದ ಕನ್ನಡ ಭಾಷಾ ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 12 ಅಂಕ ಬೇಕು. ನಮ್ಮ ಶಾಲೆಯ ಮಗುವಿಗೆ ಅದು ಮಕ್ಕಳಾಟ. ಕನ್ನಡ ಅಕ್ಷರವನ್ನೇ ಮರೆತ ಮಗು ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತದೆ. ಮನೆಯವರು ಇಂಗ್ಲಿಷಿನ ಆಸೆಗೆ ಬಿಡಿಸಿದ ಕನ್ನಡವನ್ನೇ ಸರಕಾರ ಅಲ್ಲಿ ಕೇಳುತ್ತದೆ!

ಹಾಗಾದರೆ ಅನ್ಯಾಯವೇ ಇಲ್ಲವೇ? ಇದೆ. ಆದರೆ ಅದು ನಮ್ಮ ಶಾಲೆಯೊಳಗಿಲ್ಲ. ಸೇನೆಯ ನರ್ಸಿಂಗ್ ಕಾಲೇಜುಗಳ ಬಿ.ಎಸ್ಸಿ. ಪ್ರವೇಶಕ್ಕೆ 2022ರಿಂದ ನೀಟ್ ಬರೆಯಲೇಬೇಕು. ಪುದುಚೇರಿಯ ಜಿಪ್ಮರ್ ಕೂಡ ನರ್ಸಿಂಗಿಗೆ ನೀಟ್ ಅಂಕವನ್ನೇ ನೋಡುತ್ತದೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ದೊರೆಯುತ್ತಿದೆ. ಆದರೆ ಯಾರಿಗೆ? ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಮಾಹಿತಿ ಪುಸ್ತಿಕೆಗಳನ್ನು ತೆರೆದು ನೋಡಿ. ಕನ್ನಡ ಪತ್ರಿಕೆ ಕರ್ನಾಟಕದ ಕೇಂದ್ರಗಳಿಗೆ ಮಾತ್ರ. ತಲಪಾಡಿಯ ಆಚೆ ಕುಳಿತರೆ ಕನ್ನಡ ಸಿಗುತ್ತದೆ, ಈಚೆ ಕುಳಿತರೆ ಸಿಗುವುದಿಲ್ಲ. ಹಿಂದಿ ಮತ್ತು ಉರ್ದು ಪತ್ರಿಕೆಗಳಿಗೆ ಈ ಬೇಲಿಯಿಲ್ಲ, ಅವು ದೇಶದ ಎಲ್ಲ ಕೇಂದ್ರಗಳಲ್ಲೂ ದೊರೆಯುತ್ತವೆ. ಅದು ನ್ಯಾಯವೇ. ನಾವು ಕೇಳುವುದೂ ಅದೇ ನ್ಯಾಯವನ್ನು. ಭಾಷೆ ಮಗುವಿನದು, ಪರೀಕ್ಷಾ ಕೇಂದ್ರದ್ದಲ್ಲ. ಸೊಲ್ಲಾಪುರ, ಆದವಾನಿ, ಹೊಸೂರಿನ ಮಕ್ಕಳ ಅಳಲೂ ಇದೇ.

"ಪ್ಲಸ್ ಟು ಇಂಗ್ಲಿಷಿನಲ್ಲಿ ಓದಿದವರಿಗೆ ಕನ್ನಡ ಪತ್ರಿಕೆ ಯಾಕೆ?" ಎಂದು ಕೆಲವರು ಕೇಳಬಹುದು. ಪ್ರಾದೇಶಿಕ ಭಾಷೆ ಆಯ್ದವರಿಗೆ ಸಿಗುವುದು ಆ ಭಾಷೆ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ. ಇಂಗ್ಲಿಷಿನ ವಾಕ್ಯ ತೊಡಕಾದಾಗ ಮಗು ಕನ್ನಡದತ್ತ ಕಣ್ಣು ಹಾಯಿಸಬಹುದು. ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗುವಿಗೆ ಅಷ್ಟು ಆಸರೆ ಕೊಡಬಾರದೇ? ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ಅಲ್ಲಿಯವರೆಗೆ ಕೈ ಹಿಡಿದು ನಡೆಸಿ ಮುಂದೆ ನಡುನೀರಿನಲ್ಲಿ ಬಿಟ್ಟರೆ ಆ ವಿಧಿಯ ಆಶಯಕ್ಕೆ ಏನರ್ಥ?

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹತ್ತನೆಯ ತರಗತಿ ದಾಟಿದ ಮೇಲೆ ಮಗು ಒಮ್ಮೆಲೇ ಇಂಗ್ಲಿಷ್ ಪಾಠಕ್ಕೆ ಬೀಳುತ್ತದೆ. ಆ ಸೇತುವೆಯನ್ನು ನಾವು ಅಧ್ಯಾಪಕರು ಕಟ್ಟಲಿಲ್ಲ. ಅದೇನೂ ದೊಡ್ಡ ಖರ್ಚಿನ ಕೆಲಸವಲ್ಲ. ಎಂಟನೆಯ ತರಗತಿಯಿಂದಲೇ ಒಂದು ನೋಟ್ ಪುಸ್ತಕಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹೃತ್ಕರ್ಣ, ಬಲಕ್ಕೆ ಏಟ್ರಿಯಂ. ಎಡಕ್ಕೆ ಅಪಧಮನಿ, ಬಲಕ್ಕೆ ಆರ್ಟರಿ. ಎಡಕ್ಕೆ ರಕ್ತಹೀನತೆ, ಬಲಕ್ಕೆ ಅನೀಮಿಯಾ. ಬಲಬದಿಯನ್ನು ಇಂಗ್ಲಿಷ್ ಅಕ್ಷರದಲ್ಲೇ ತಪ್ಪಿಲ್ಲದೆ ಬರೆಯಲಿ. ದಿನಕ್ಕೆ ಐದು ಪದವಾದರೂ ಸಾಕು. ವಿಷಯ ಗೊತ್ತಿರುವ ಮಗುವಿಗೆ ಹೆಸರು ಕಲಿಯುವುದು ಕಷ್ಟವಲ್ಲ, ಬರೀ ಹೆಸರು ಕಲಿತ ಮಗುವಿಗೆ ವಿಷಯ ಸಿಗುವುದೇ ಕಷ್ಟ. ಜತೆಗೆ ದಿನವೂ ಅರ್ಧ ಗಂಟೆ ಇಂಗ್ಲಿಷ್ ಓದು, ಪ್ಲಸ್ ಒನ್‌ನಿಂದ ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸ. ಕೇರಳದಲ್ಲಿ ಬಿ.ಎಸ್ಸಿ. ನರ್ಸಿಂಗ್ ಪ್ರವೇಶ ಬಹುಕಾಲ ಪ್ಲಸ್ ಟು ಅಂಕಗಳ ಮೇಲೆಯೇ ನಡೆದುಬಂದಿರುವುದರಿಂದ ಆ ಎರಡು ವರ್ಷಗಳ ಓದನ್ನು ಕಡೆಗಣಿಸುವ ಹಾಗೂ ಇಲ್ಲ. ನಿಯಮಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಅಧ್ಯಾಪಕರ ಜತೆ ಕುಳಿತು ಓದಿ.

ಇಷ್ಟೆಲ್ಲ ಯಾರಿಗಾಗಿ? ಗೇರು ತೋಟಗಳ ಮೇಲೆ 2000ದವರೆಗೂ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂಥ ಊರುಗಳನ್ನು ನೆನೆಯಿರಿ. ಅಲ್ಲಿ ಹಾಸಿಗೆ ಹಿಡಿದ ಮಗುವಿನ ಅಮ್ಮ ನೋವು ಎಲ್ಲಿ, ಎಷ್ಟು ದಿನದಿಂದ ಎಂದು ಹೇಳುವುದು ತುಳುವಿನಲ್ಲಿ, ಕನ್ನಡದಲ್ಲಿ. ಆ ಮಾತು ಅರ್ಥವಾಗುವ ನರ್ಸ್ ನಮ್ಮ ಶಾಲೆಗಳಿಂದಲ್ಲದೆ ಎಲ್ಲಿಂದ ಬರಬೇಕು?

ಆದ್ದರಿಂದ ಪೋಷಕರ ಸಭೆಗಳಲ್ಲಿ ಈ ಮೂರು ಬೇಡಿಕೆಗಳ ಠರಾವು ಆಗಲಿ.

1. ಗಡಿನಾಡಿನ ನೀಟ್ ಕೇಂದ್ರಗಳಲ್ಲೂ ಕನ್ನಡ ಪತ್ರಿಕೆ ಸಿಗಬೇಕು.

2. ಪ್ಲಸ್ ಒನ್ ಆರಂಭದಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿಗೆ ಸೇತುಬಂಧ ತರಗತಿ ನಡೆಯಬೇಕು.

3. ವಿಜ್ಞಾನದ ದ್ವಿಭಾಷಾ ಪದಕೋಶ ಪ್ರತಿ ಕನ್ನಡ ಶಾಲೆಗೂ ಬರಬೇಕು.

ಠರಾವಿನ ಪ್ರತಿಯನ್ನು ಶಾಸಕರಿಗೆ, ಸಂಸದರಿಗೆ, ಸಂವಿಧಾನದ 350-ಬಿ ವಿಧಿಯ ಪ್ರಕಾರ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗೆ ಕಳುಹಿಸಿ. ಸುಮ್ಮನಿದ್ದರೆ ಕೇಳುವವರಿಲ್ಲ.

ಆ ತಾಯಿ ಒಂದು ವಾರ ಯೋಚಿಸುತ್ತೇನೆಂದು ಹೋಗಿದ್ದಾರೆ. ಟಿ.ಸಿ. ಪುಸ್ತಕ ಮೇಜಿನ ಮೇಲೆಯೇ ಇದೆ. ಕೇಳಿದರೆ ಕೊಡಲೇಬೇಕು, ಅದು ಅವರ ಹಕ್ಕು. ಆದರೆ ಈ ಸಲ ಬಾಯಿ ಮುಚ್ಚಿಕೊಂಡು ಕೊಡುವುದಿಲ್ಲ.