ಶ್ರುತಿ ಕೆಡಿಸುವ ಶೋಕಿ

ಹಳೆಯ ಟರ್ನ್‌ಟೇಬಲ್ಲು ಕೊಳ್ಳುವುದು ಈಗ ದುಡ್ಡಿದ್ದವರ ಹೊಸ ಶೋಕಿಯಾಗಿದೆ. ಆಗಲಿ, ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ನಮ್ಮ ಹಾಲ್ಕುರಿಕೆ ಕಡೆಯವರೂ ಕೊಳ್ಳಲಿ. ಬುಲೆಟ್ ಬೈಕು ಕೊಂಡು ಸೀಮೆಯೆಲ್ಲ ಸದ್ದು ಮಾಡುವುದಕ್ಕಿಂತ ವಾಸಿ. ನನ್ನ ತಕರಾರಿರುವುದು ಕೊಳ್ಳುವ ಕ್ರಮದ ಬಗ್ಗೆ. ಪೆಟ್ಟಿಗೆ ಹೊಳೆಯುತ್ತದೆಯೇ, ಹೆಸರು ದೊಡ್ಡದೇ ಎಂದೆಲ್ಲ ವಿಚಾರಿಸುವವರು, ತಮ್ಮ ಮನೆಯ ಅಟ್ಟದ ಮೇಲೆ ಎಂಥ ಪ್ಲೇಟುಗಳಿವೆ ಎಂದು ಮಾತ್ರ ಹತ್ತಿ ನೋಡುವುದಿಲ್ಲ.

ಅಕ್ಕನ ಮಗ ಮೊನ್ನೆ, “ಮಾವ, ಡೈರೆಕ್ಟ್ ಡ್ರೈವ್ ಅಂದ್ರೆ ಡಾನ್ಸ್ ಹಾಲಿನೋರ ಮಿಷನ್ನಂತೆ, ಸಂಗೀತ ಕೇಳೋರು ಬೆಲ್ಟಿಂದೇ ತಗೋಬೇಕಂತೆ” ಎಂದ. ಇಂಥ ಮಾತನ್ನು ಹೇಳಿಕೊಡುವ ಪಂಡಿತರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಅವರ ಮನೆಯ ಕರೆಂಟು ಬೇರೆ, ನಮ್ಮ ಕರೆಂಟು ಬೇರೆ.

ಮಿಷನ್ನಿನ ಹೊಟ್ಟೆಯೊಳಗೆ ಏನಿದೆ ನೋಡಿ. ಹಿಂದಿನವುಗಳಲ್ಲಿ ಮೋಟಾರು ನಿಮಿಷಕ್ಕೆ ನೂರಾರು ಸುತ್ತು ಹಾಕುತ್ತಿತ್ತು. ರಬ್ಬರಿನ ಗಾಲಿಯೋ ಬೆಲ್ಟೋ ಆ ವೇಗವನ್ನು ಇಳಿಸಿ ತಟ್ಟೆಗೆ ಮುಟ್ಟಿಸುತ್ತಿತ್ತು. 1970ರಲ್ಲಿ ಜಪಾನಿನ ಟೆಕ್ನಿಕ್ಸ್‌ನವರು ಎಸ್‌ಪಿ-10 ತಂದಾಗ ಈ ದಲ್ಲಾಳಿಯನ್ನೇ ತೆಗೆದುಹಾಕಿದರು. ಮೋಟಾರಿನ ಅಚ್ಚೇ ತಟ್ಟೆಯ ಅಚ್ಚು. 1975ರ ಮಾರ್ಕ್ 2ರಲ್ಲಿ ಕ್ವಾರ್ಟ್ಸ್ ಹರಳಿನ ಕಾವಲೂ ಸೇರಿ, ವೇಗ ಅಲುಗದಂತಾಯಿತು. ನಮ್ಮ ಸೆಕೆಗೆ, ನಾರು ಸುಲಿಯುವ ಧೂಳಿಗೆ ರಬ್ಬರು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಪಂಪ್‌ಸೆಟ್ಟಿನ ವಾಷರು ಬದಲಾಯಿಸಿದ ಯಾರನ್ನಾದರೂ ಕೇಳಿ.

ಕರೆಂಟಿನ ಕಥೆ ಇನ್ನೂ ಮುಖ್ಯ. ಹಳೆಯ ಬೆಲ್ಟ್ ಮಿಷನ್ನುಗಳಲ್ಲಿ ಅನೇಕದರ ಮೋಟಾರು ಕರೆಂಟಿನ ಸೈಕಲ್ಲಿಗೆ ತಾಳ ಹಾಕಿ ತಿರುಗುತ್ತದೆ. ಅಮೆರಿಕದಲ್ಲಿ ಅದು 60, ನಮ್ಮಲ್ಲಿ 50. ಅಲ್ಲಿಂದ ತಂದ ಅಂಥ ಮಿಷನ್ನನ್ನು ಪುಲ್ಲಿ ಬದಲಿಸದೆ ಇಲ್ಲಿ ಹಾಕಿದರೆ ಮೂವತ್ತಮೂರೂ ಚಿಲ್ಲರೆ ಸುತ್ತಿನ ಪ್ಲೇಟು ಇಪ್ಪತ್ತೆಂಟರ ಹತ್ತಿರ ತೆವಳುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಮೂರು ಮನೆಗಿಂತ ಹೆಚ್ಚು ಕೆಳಕ್ಕೆ. ಸ್ಟೆಬಿಲೈಜರು ವೋಲ್ಟೇಜನ್ನು ಸರಿಪಡಿಸೀತೇ ಹೊರತು ಸೈಕಲ್ಲನ್ನಲ್ಲ. ಕ್ವಾರ್ಟ್ಸ್‌ನ ಡೈರೆಕ್ಟ್ ಡ್ರೈವಿಗೆ ಆ ಹಂಗಿಲ್ಲ. ಜಪಾನಿನ ಒಳಪೇಟೆಯ ಮಾಲಾದರೆ 100 ವೋಲ್ಟಿನದು, ಇಳಿಸುವ ಟ್ರಾನ್ಸ್‌ಫಾರ್ಮರು ಬೇಕು, ಅಷ್ಟೆ. ಅದಿಲ್ಲದೆ ನೇರ 230ಕ್ಕೆ ಚುಚ್ಚಿದವರಿಗೆ ಹೊಗೆ ಮಾತ್ರ ಲಾಭ.

ಹಾಗೆಂದು ಡೈರೆಕ್ಟ್ ಡ್ರೈವ್ ಎಂದ ಕೂಡಲೇ ಕೈಮುಗಿಯಬೇಕಾಗಿಲ್ಲ. ಎಲ್ಲರೂ ಬಾಯಿಬಿಡುವ ಎಸ್‌ಎಲ್-1200 ಮಾರ್ಕ್ 2ರಲ್ಲಿ ಇರುವುದು 33 ಮತ್ತು 45 ಮಾತ್ರ. ‘ಬಂಗಾರದ ಮನುಷ್ಯ’ದ ಹಾಡು ಕೇಳಿಕೊಂಡಿರಲು ಅಷ್ಟು ಸಾಕು. ಆದರೆ ಅಟ್ಟದ ಮೇಲೆ ಅಜ್ಜನ ಕಾಲದ ಅರಗಿನ ಪ್ಲೇಟುಗಳಿದ್ದರೆ? ನಮ್ಮ ಜಿಲ್ಲೆಯದೇ ಆದ ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಕಂಪನಿ ನಾಟಕದ ಕಾಲದ ಹಾಡು ಕೂತಿರುವುದು 78ರ ಪ್ಲೇಟಿನಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಗ್ರಾಮಫೋನಿಗೆ ಹೆಸರು ತಂದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಆಕೆಯ ದನಿಗೂ 78 ಬೇಕು. ಸಾದಾ ಪೆಟ್ಟಿಗೆಗಳಲ್ಲಿದ್ದ ಈ ವೇಗ ದುಬಾರಿ ಮಿಷನ್ನಿನಲ್ಲಿ ಇಲ್ಲವೆಂದರೆ ಅದನ್ನು ಪ್ರಗತಿ ಎನ್ನಲು ನನಗೆ ನಾಲಿಗೆ ಬಾರದು.

78 ಎಂಬುದೂ ಒಂದು ಅಂದಾಜೇ. ಮೊದಮೊದಲ ಪ್ಲೇಟುಗಳನ್ನು ಎಪ್ಪತ್ತರಿಂದ ಎಂಬತ್ತರಾಚೆಗೆ, ಮುದ್ರಿಸುವವರ ಮರ್ಜಿಯಂತೆ ಓಡಿಸಿದರು. ವೇಗ ನೂರಕ್ಕೆ ಆರು ಹೆಚ್ಚಿದರೆ ಶ್ರುತಿ ಒಂದು ಮನೆ ಏರಿ, ಬಿಳಿ ಒಂದರಲ್ಲಿ ಹಾಡಿದ ನಟ ಕರಿ ಒಂದರಲ್ಲಿ ಕಿರುಚುತ್ತಾನೆ. ಆದ್ದರಿಂದ ವೇಗ ತಿದ್ದುವ ಸೌಕರ್ಯ ಶೋಕಿಯಲ್ಲ. ಡಾನ್ಸಿನವರ ಆಟಿಕೆ ಎಂದು ಜರೆಯುವ ಆ ಪಿಚ್ ಗುಂಡಿಯೇ ನಮಗೆ ಬೇಕಾದದ್ದು. ಟೆಕ್ನಿಕ್ಸ್‌ನದೇ ಎಸ್‌ಪಿ-15ರಲ್ಲಿ 78ರ ಜೊತೆ ಇದೂ ಇದೆ. ಪೀಠ ಮತ್ತು ತೋಳನ್ನು ಬೇರೆ ಕೂಡಿಸಿಕೊಳ್ಳಬೇಕು.

ಮುಳ್ಳಿನ ವಿಷಯದಲ್ಲಿ ಜಿಪುಣತನ ಬೇಡ. 78ರ ಗೀರು ಅಗಲ, ಅದಕ್ಕೆ ಸುಮಾರು 75 ಮೈಕ್ರಾನ್ ಮುಳ್ಳು. ಎಲ್‌ಪಿಯದು ಅದರ ಕಾಲುಭಾಗ. ಎಲ್‌ಪಿಯ ಮುಳ್ಳನ್ನು ಅರಗಿನ ಪ್ಲೇಟಿಗೆ ಇಟ್ಟರೆ ಅದು ಗೀರಿನ ತಳದ ಕಸ ಗುಡಿಸುತ್ತದೆ, ಹಾಡು ಮೇಲೆಯೇ ಉಳಿಯುತ್ತದೆ. ಇನ್ನೊಂದು ಮಾತು: ಬಾಗಿಲಿನ ಕೀಲಿನಿಂದ ಹಿಡಿದು ಎಲ್ಲಕ್ಕೂ ಕೊಬ್ಬರಿ ಎಣ್ಣೆ ಬಿಡುವ ನಮ್ಮ ಸೀಮೆಯ ಚಟ ಈ ಅಚ್ಚಿಗೆ ನಡೆಯದು. ಮಾಗಿಯ ರಾತ್ರಿ ಅದು ಹೆಪ್ಪುಗಟ್ಟುತ್ತದೆ.

ಬೆಲ್ಟಿನವರ ಒಂದು ಮಾತು ನಿಜ. ಬೆಲ್ಟು ಹರಿದರೆ ಹೊಸದು ಸಿಗುತ್ತದೆ. ಹಳೆಯ ಡೈರೆಕ್ಟ್ ಡ್ರೈವಿನ ಐಸಿ ಸುಟ್ಟರೆ ಅನೇಕ ಮಾದರಿಗಳಿಗೆ ಬದಲಿ ಸಿಗುವುದು ಕಷ್ಟ. ಅದಕ್ಕೇ ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಬೇಕು. ತಟ್ಟೆಯ ಅಂಚಿನ ಚುಕ್ಕಿಗಳು ದೀಪದ ಎದುರು ನಿಂತಲ್ಲೇ ನಿಂತಂತೆ ಕಾಣಬೇಕು. ಹಿಂದಕ್ಕೋ ಮುಂದಕ್ಕೋ ಹರಿದರೆ ಅದು ರೋಗಿ.

ಪೇಟೆಯಲ್ಲಿ ಕೆಲವರು 78ರ ಪ್ಲೇಟಿಗೆ ಮುಳ್ಳು ಜೋಡಿಸಿ ಗೋಡೆ ಗಡಿಯಾರ ಮಾಡಿಕೊಂಡಿದ್ದಾರೆ, ಗ್ರಾಮಫೋನಿನ ಮುಳ್ಳಲ್ಲ, ಗಂಟೆಯದು. ನಮ್ಮವರು ಅಷ್ಟೂ ಕಷ್ಟಪಡದೆ ಗುಜರಿಯವನ ತಕ್ಕಡಿಗೆ ಹಾಕುತ್ತಾರೆ. ಟರ್ನ್‌ಟೇಬಲ್ಲು ಕೊಳ್ಳಲು ತಿಪಟೂರಿನಲ್ಲಿ ರೈಲು ಹತ್ತುವವರು ಅಟ್ಟದಿಂದ ಒಂದು 78ರ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ಯಲಿ. ಅದನ್ನು ಹಾಕಿ ಕೇಳಿಸಲಾಗದ ಅಂಗಡಿಯಲ್ಲಿ ಕಾಫಿ ಕೊಟ್ಟರೆ ಕುಡಿದು, ಸಂಜೆಯ ಗಾಡಿಗೆ ವಾಪಸು ಬರಲಿ.