ನಾಲ್ಕನೇ ಮಾತಿಗೆ ‘ಆದರೆ’ ಹಾಕಬೇಡಿ

(1/4)
ಗುಡ್ ಫ್ರೈಡೇ ದಿನ ಮಧ್ಯಾಹ್ನ 12ರಿಂದ 3ರ ತನಕ ಆರಾಧನೆಯಲ್ಲಿ ಕೂತವರಿಗೆ ಗೊತ್ತು. ಶಿಲುಬೆಯ ಏಳು ಮಾತು, ಏಳು ಪ್ರಸಂಗ. ನಾಲ್ಕನೆಯದು ಬಂದಾಗ ಒಂದ್ಸಲ ಗಮನಿಸಿ. ದೇವರು ತನ್ನನ್ನ ಯಾಕೆ ಕೈಬಿಟ್ಟ ಅಂತ ಯೇಸು ಕೂಗಿ ಕೇಳಿದ ಮಾತು ಅದು. ವಚನ ಓದಿ ಎರಡು ನಿಮಿಷ ಆಗಿರಲ್ಲ, ಪ್ರಸಂಗಿಗಳು ‘ಆದರೆ’ ಅಂತ ಶುರು ಮಾಡ್ತಾರೆ. ಉಳಿದ ಆರು ಮಾತಿಗೆ ಇಲ್ಲದ ‘ಆದರೆ’ ಇದೊಂದಕ್ಕೆ ಯಾಕೆ?

ಏಳೂ ಮಾತು ಇರೋ ಸುವಾರ್ತೆ ಒಂದೂ ಇಲ್ಲ, ಗೊತ್ತಾ? ಲೂಕನಲ್ಲಿ ಮೂರು, ಯೋಹಾನನಲ್ಲಿ ಬೇರೆ ಮೂರು. ಮಾರ್ಕ, ಮತ್ತಾಯ ಇಬ್ಬರಲ್ಲೂ ಇರೋದು ಇದೊಂದೇ. ಮಾರ್ಕನ ಪುಸ್ತಕ ಮಾತ್ರ ಕೈಯಲ್ಲಿದ್ದ ಒಬ್ಬ ವಿಶ್ವಾಸಿಗೆ ಶಿಲುಬೆಯ ಮೇಲಿನ ಯೇಸು ಅಂದ್ರೆ ಈ ಪ್ರಶ್ನೆ. ಆಮೇಲೆ ಇನ್ನೊಂದು ದೊಡ್ಡ ಕೂಗು, ಅದರಲ್ಲಿ ಮಾತಿಲ್ಲ. ಪ್ರಾಣ ಹೋಯ್ತು.

(2/4)
ಮೊದಲನೇ ಸಮಜಾಯಿಷಿ: ಯೇಸು ಕೀರ್ತನೆ 22ರ ಮೊದಲ ಸಾಲು ಹೇಳಿದ ಅಷ್ಟೇ, ಆ ಕೀರ್ತನೆ ಜಯದಲ್ಲಿ ಮುಗಿಯುತ್ತೆ, ಆದ್ದರಿಂದ ಇದು ಜಯಘೋಷ!

ಕೀರ್ತನೆಯದೇ ಸಾಲು, ಒಪ್ಪಿದೆ. ಆದ್ರೆ 31 ವಚನಗಳ ಆ ಕೀರ್ತನೆಯಲ್ಲಿ 21ರ ತನಕ ನರಳಾಟವೇ ಹೆಚ್ಚು. ಕೊನೆ ಚೆನ್ನಾಗಿದೆ ಅಂತ ಶುರು ಸುಳ್ಳಾಗಲ್ಲ. ನಾನು ಓದ್ತಿರೋದು ಬಿಕಾಂ, ಎರಡೂ ಕಡೆ ಟ್ಯಾಲಿ ಮಾಡಿ ಕೈ ತೊಳ್ಕೊಳ್ಳೋದು ನಮ್ಮ ಕೆಲಸ, ಪ್ರಸಂಗಿಗಳದ್ದಲ್ಲ.

ಇನ್ನೊಂದು ವಿಷಯ. ಕೀರ್ತನೆ ಹೀಬ್ರೂ ಭಾಷೆಯದ್ದು. ಮಾರ್ಕ ಬರೆದದ್ದು ಗ್ರೀಕಲ್ಲಿ. ಆದ್ರೆ ಈ ಕೂಗನ್ನ ಅವನು ಅರಾಮಿಕ್‌ನಲ್ಲೇ ಇಟ್ಟು, ಪಕ್ಕದಲ್ಲಿ ಅರ್ಥ ಬರೆದ. ಅರಾಮಿಕ್ ಗಲಿಲಾಯದ ಮನೆಮಾತು. ಪಾಠ ಒಪ್ಪಿಸೋಕೆ ಯಾವ ಭಾಷೆ ಆದರೂ ಆದೀತು, ಜೀವ ಹೋಗುವಾಗ ಬಾಯಿಗೆ ಬರೋದು ಮನೆಮಾತು. ಹತ್ತಿರ ನಿಂತಿದ್ದವರು ಏನಂದ್ಕೊಂಡ್ರು? ಎಲೀಯನನ್ನ ಸಹಾಯಕ್ಕೆ ಕರೀತಿದ್ದಾನೆ ಅಂತ. ಜಯಘೋಷ ಯಾರ ಕಿವಿಗೂ ಬಿದ್ದಿಲ್ಲ.

ಈ ಮುಜುಗರ ಹೊಸದೂ ಅಲ್ಲ ಬಿಡಿ. ಬೈಬಲ್ಲಿಗೆ ಸೇರದೆ ಉಳಿದ ಎರಡನೇ ಶತಮಾನದ ‘ಪೇತ್ರನ ಸುವಾರ್ತೆ’ಯಲ್ಲಿ ಯೇಸುವನ್ನ ಬಿಟ್ಟುಹೋಗೋದು ದೇವರಲ್ಲ, ‘ಶಕ್ತಿ’. ಕಷ್ಟದ ಪದ ಹೋಯ್ತು, ಸಮಸ್ಯೆ ಮುಗೀತು.

(3/4)
ಎರಡನೇ ಸಮಜಾಯಿಷಿ: ದೇವರು ಪಾಪವನ್ನ ನೋಡಲಾರ, ಅದಕ್ಕೆ ತಂದೆ ಮುಖ ತಿರುಗಿಸಿದ. ನಮ್ಮ ಯೂತ್ ಮೀಟಿಂಗ್‌ಗಳಲ್ಲಿ ಇದು ತುಂಬಾ ಫೇಮಸ್. ನಾಲ್ಕು ಸುವಾರ್ತೆಗಳಲ್ಲಿ ಹುಡುಕಿ, ತಂದೆ ಮುಖ ತಿರುಗಿಸಿದ ಅಂತ ಒಂದು ಸಾಲು ಸಿಗಲ್ಲ. ಹಬಕ್ಕೂಕ 1:13 ತೋರಿಸ್ತಾರೆ. ಆ ವಚನ ಪೂರ್ತಿ ಓದಿ. ದೇವರೇ, ಮತ್ತೆ ಯಾಕೆ ದುಷ್ಟರನ್ನ ನೋಡ್ತಾ ಸುಮ್ಮನಿದ್ದೀಯ ಅಂತ ಪ್ರವಾದಿ ಅಲ್ಲೇ ಜಗಳಕ್ಕೆ ನಿಂತಿದ್ದಾನೆ! ಕೀರ್ತನೆ 22:24ರಲ್ಲಂತೂ ದೇವರು ನೊಂದವನಿಂದ ಮುಖ ಮರೆಮಾಡಲಿಲ್ಲ ಅಂತ ನೇರವಾಗಿದೆ. ಮೊದಲನೆಯವರು ಕೀರ್ತನೆಯನ್ನ ಕೊನೆ ತನಕ ಓದಿ ಅಂತಾರೆ, ಓದಿದ್ರೆ ಎರಡನೆಯವರ ಬಾಯಿ ಮುಚ್ಚುತ್ತೆ. ಆದ್ರೂ ಒಂದೇ ಪ್ರಸಂಗದಲ್ಲಿ ಎರಡನ್ನೂ ಹೇಳೋ ಧೈರ್ಯವಂತರಿದ್ದಾರೆ.

(4/4)
ಯುರ್ಗೆನ್ ಮೋಲ್ಟ್‌ಮನ್ ಅಂತ ಜರ್ಮನ್ ದೇವಶಾಸ್ತ್ರಜ್ಞ. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬ್ ಬಿದ್ದಾಗ ಅವರಿಗೆ 17. ಪಕ್ಕದಲ್ಲೇ ಇದ್ದ ಗೆಳೆಯ ಸತ್ತ, ಇವರು ಉಳಿದರು. ಆಮೇಲೆ ಸ್ಕಾಟ್ಲೆಂಡಿನಲ್ಲಿ ಯುದ್ಧಕೈದಿ. ಅಲ್ಲಿ ಕೈಗೆ ಬಂದ ಬೈಬಲ್ಲಿನಲ್ಲಿ ಮಾರ್ಕನನ್ನ ಓದ್ತಾ ಈ ಕೂಗಿಗೆ ಬಂದು ನಿಂತರು. ತನ್ನನ್ನ ಅರ್ಥ ಮಾಡ್ಕೊಳ್ಳೋನು ಇವನೊಬ್ಬ ಅನ್ನಿಸಿತು. 1972ರಲ್ಲಿ ‘ಶಿಲುಬೆಗೇರಿದ ದೇವರು’ ಬರೆದರು. ಅವರ ತ್ರಿಯೇಕತ್ವದ ವಾದ ಎಲ್ಲಾ ನಂಗೆ ಒಪ್ಪಿಗೆ ಅಂತಲ್ಲ. ಆದ್ರೆ ಅದು ಬರೀ ಜಯಘೋಷ ಆಗಿದ್ದಿದ್ರೆ ಆ ಕ್ಯಾಂಪಿನ ಹುಡುಗನಿಗೆ ಏನು ಸಿಗ್ತಿತ್ತು?

ಒಂದು ಪ್ರಾರ್ಥನಾ ಕೂಟದಲ್ಲಿ, ಅಪ್ಪನನ್ನ ಕಳ್ಕೊಂಡ ಹುಡುಗಿಯೊಬ್ಬಳು ‘ದೇವರು ಯಾಕೆ ಹೀಗೆ ಮಾಡಿದ’ ಅಂತ ಕೇಳಿದಳು. ನಂಬಿಕೆ ಕಮ್ಮಿ ಅದಕ್ಕೇ ಈ ಪ್ರಶ್ನೆ, ಸ್ತೋತ್ರ ಹೇಳು ಅಂದ್ರು. ಹಿರಿಯರೇ, ಅದೇ ‘ಯಾಕೆ’ಯನ್ನ ನಿಮ್ಮ ಕರ್ತನೇ ಕೇಳಿದ್ದಾನೆ, ಅದೂ ಊರಿಗೆಲ್ಲ ಕೇಳೋ ಹಾಗೆ ಕೂಗಿ. ಅವನಿಗೆ ನಂಬಿಕೆ ಕಮ್ಮಿ ಇತ್ತಾ? ಕೈಬಿಟ್ಟವನನ್ನೇ ‘ನನ್ನ ದೇವರು’ ಅಂತ ಕರೆದು ಕೇಳಿದ ಪ್ರಶ್ನೆ ಅದು. ಅವಳದ್ದೂ ಅದೇ ಪ್ರಾರ್ಥನೆ.

ಒಪ್ಪದವರು ಕಾಮೆಂಟಿಗೆ ಬನ್ನಿ, ಆದ್ರೆ ವಚನದ ನಂಬರ್ ಜೊತೆ ಬನ್ನಿ. ‘ನೀನಿನ್ನೂ ಚಿಕ್ಕವಳು’ ಅನ್ನೋದು ವಚನ ಅಲ್ಲ.

#ಗುಡ್‌ಫ್ರೈಡೇ #ನಾಲ್ಕನೇಮಾತು #ಕೀರ್ತನೆ22